ಸವಾರಿ ಕಲಿಯುವವರು ಹೆಚ್ಚಿದರು, ಕುದುರೆಯ ಪಾಡೇನು?

ಬೆಂಗಳೂರಿನ ಹೊರವಲಯದ ಕುದುರೆ ಸವಾರಿ ಶಾಲೆಗಳಲ್ಲಿ ಶನಿವಾರ, ಭಾನುವಾರದ ಮುಂಜಾನೆ ಕಾಣಸಿಗುವವರು ಶಾಲಾ ಮಕ್ಕಳು ಮಾತ್ರವಲ್ಲ. ಮೂವತ್ತು, ನಲವತ್ತು, ಐವತ್ತು ದಾಟಿದವರೂ ಶಿರಸ್ತ್ರಾಣ ಧರಿಸಿ ಸರದಿಗಾಗಿ ಕಾಯುತ್ತಿರುತ್ತಾರೆ. ಬಾಲ್ಯದ ಆಸೆಯನ್ನು ಈಗ ತೀರಿಸಿಕೊಳ್ಳಲು ಬಂದವರು ಕೆಲವರು. ಎನ್‌ಸಿಸಿಯಲ್ಲೋ ಬೋರ್ಡಿಂಗ್ ಶಾಲೆಯಲ್ಲೋ ಒಂದಿಷ್ಟು ಕಲಿತು, ಓದು, ಉದ್ಯೋಗ, ಸಂಸಾರಗಳ ನಡುವೆ ಬಿಟ್ಟು, ಎರಡು ದಶಕಗಳ ನಂತರ ಮರಳಿ ಬಂದವರು ಇನ್ನು ಕೆಲವರು. ಜಿಮ್ಮಿನ ಯಂತ್ರಗಳಿಂದಲೂ ಕಂಪ್ಯೂಟರ್ ಪರದೆಯಿಂದಲೂ ಬೇಸತ್ತ ನಗರವಾಸಿಗೆ ಜೀವವಿರುವ ಪ್ರಾಣಿಯೊಂದರ ಒಡನಾಟ ಬೇಕೆನಿಸಿರುವುದು ಸಹಜ. ಈ ಆಸೆಯನ್ನು ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಇದೇ ಹೊತ್ತಿನಲ್ಲಿ ಮತ್ತೊಂದು ಅಂಕಿಅಂಶವನ್ನೂ ಗಮನಿಸಬೇಕು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುದುರೆಗಳು ಮತ್ತು ಮಟ್ಟಕುದುರೆಗಳ ಸಂಖ್ಯೆ ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಇದು ಶೇ 45ಕ್ಕೂ ಹೆಚ್ಚಿನ ಇಳಿಕೆ. ಜಟಕಾ ಬಂಡಿಗಳು ಮರೆಯಾದವು, ಹೊರೆ ಸಾಗಿಸುವ ಕೆಲಸವನ್ನು ವಾಹನಗಳು ವಹಿಸಿಕೊಂಡವು. ದುಡಿಮೆಯ ಸಂಗಾತಿಯಾಗಿದ್ದ ಕುದುರೆ ಹಿನ್ನೆಲೆಗೆ ಸರಿಯುತ್ತಿರುವಾಗ, ಬಿಡುವಿನ ವೇಳೆಯ ಸಂಗಾತಿಯಾಗಿ ಅದು ಮರಳಿ ಬರುತ್ತಿದೆ. ದುಡಿಮೆಯ ಕುದುರೆಗೆ ಅರೆಕೊರೆಯಾದರೂ ಒಂದಿಷ್ಟು ನಿಯಮಗಳ ರಕ್ಷಣೆ ಇದೆ. ಪಾಠ ಕಲಿಸುವ ಕುದುರೆಗೆ ಯಾವ ರಕ್ಷಣೆ ಇದೆ ಎಂಬ ಪ್ರಶ್ನೆಯನ್ನು ನಾವಿನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ.

ವಯಸ್ಸಾದ ಮೇಲೆ ಸವಾರಿ ಸಾಧ್ಯವೇ ಎಂಬುದು ಹೊಸಬರ ಮೊದಲ ಅನುಮಾನ. ಇತಿಹಾಸ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ, ತಮ್ಮ 23ನೇ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೊಗೆ ತುತ್ತಾದರು. ಮೊಣಕಾಲಿನಿಂದ ಕೆಳಗೆ ಸ್ವಾಧೀನ ಮರಳಲಿಲ್ಲ. ಕುದುರೆ ಏರಲು, ಇಳಿಯಲು ಇನ್ನೊಬ್ಬರ ನೆರವು ಬೇಕಿದ್ದ ಅವರು ಸವಾರಿಯನ್ನು ಮೊದಲಿನಿಂದ ಕಲಿತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಡ್ರೆಸಾಜ್‌ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೊಮ್ಮೆ ಗೆದ್ದರು. ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಗಿತದ ಸ್ಪರ್ಧೆಗೆ ಇಳಿದಿದ್ದವರು. ಔಷಧ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾಗಿ, 44 ವರ್ಷಗಳ ಬಳಿಕ 2008ರಲ್ಲಿ ಬೀಜಿಂಗ್‌ಗೆ ಬಂದರು. 2012ರಲ್ಲಿ ಲಂಡನ್‌ಗೆ ಬಂದಾಗ ಅವರಿಗೆ 71 ವರ್ಷ. ಗಂಡು, ಹೆಣ್ಣು ಎಂಬ ವಿಭಾಗವಿಲ್ಲದೆ ಎಲ್ಲರೂ ಒಟ್ಟಿಗೆ ಸ್ಪರ್ಧಿಸುವ, ಅಜ್ಜನೊಬ್ಬ ಮೊಮ್ಮಕ್ಕಳ ಪ್ರಾಯದವರ ಎದುರು ನಿಲ್ಲಬಹುದಾದ ಕ್ರೀಡೆಗಳು ಹೆಚ್ಚಿಲ್ಲ.

ಈ ಅವಕಾಶ ಸುಲಭವಾಗಿ ದಕ್ಕಿದ್ದಲ್ಲ ಎಂಬುದನ್ನೂ ನೆನೆಯಬೇಕು. ಜೀನು ಬಹುಕಾಲ ಅಧಿಕಾರದ ಪೀಠವಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್‌ ತಂಡ ವಿಭಾಗದ ಚಿನ್ನ ಗೆದ್ದಿದ್ದ ಸ್ವೀಡನ್, ತನ್ನ ಸವಾರರಲ್ಲೊಬ್ಬ ನಿಜವಾದ ಸೇನಾಧಿಕಾರಿಯಲ್ಲ, ಕೆಳದರ್ಜೆಯವನು ಎಂಬ ಕಾರಣಕ್ಕೆ ಮರುವರ್ಷ ಆ ಪದಕವನ್ನು ಕಳೆದುಕೊಂಡಿತು. ಸಾಮಾನ್ಯ ಸೈನಿಕರಿಗೂ ಮಹಿಳೆಯರಿಗೂ ಬಾಗಿಲು ತೆರೆದದ್ದು 1952ರಲ್ಲಿ. ಭಾರತದಲ್ಲೂ ಸವಾರಿ ಸೇನೆಯ ಸೊತ್ತಾಗಿಯೇ ಉಳಿದಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಮತ್ತಿತರರು ತಂದುಕೊಟ್ಟ ಮೂರು ಚಿನ್ನಗಳು ಸೈನಿಕರ ಸಾಧನೆ. ಆನಂತರ ಏಷ್ಯನ್ ಕೂಟದಲ್ಲಿ ಈ ಕ್ರೀಡೆಯ ವೈಯಕ್ತಿಕ ಪದಕವೊಂದು ನಮಗೆ ಬಂದದ್ದು 36 ವರ್ಷಗಳ ಬಳಿಕ, 2018ರಲ್ಲಿ. ಅದನ್ನು ತಂದವರು ಬೆಂಗಳೂರಿನ ಫವಾದ್ ಮಿರ್ಜಾ, ಸಮವಸ್ತ್ರ ಧರಿಸದ ಸವಾರ. 2023ರ ಹಾಂಗ್‌ಝೌ ಕೂಟದಲ್ಲಿ ಡ್ರೆಸಾಜ್‌ ತಂಡದ ಚಿನ್ನ ಗೆದ್ದ ನಾಲ್ವರೂ ನಾಗರಿಕರೇ. ದಂಡಿನಿಂದ ಊರಿಗೆ ಬಂದ ಈ ವಿದ್ಯೆ ಈಗ ಮಧ್ಯಮ ವರ್ಗದ ವಯಸ್ಕರ ಅಂಗಳ ತಲುಪಿದೆ. ಇದು ಸ್ವಾಗತಾರ್ಹ ಬೆಳವಣಿಗೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ವಯಸ್ಕ ಕಲಿಕೆಗೆ ತನ್ನದೇ ಆದ ಎರಡು ತೊಡಕುಗಳಿವೆ. ಎರಡರ ಭಾರವೂ ಕೊನೆಗೆ ಬೀಳುವುದು ಕುದುರೆಯ ಮೇಲೆ.

ಮೊದಲನೆಯದು ಭಯ. ಮಗು ಬಿದ್ದರೆ ಎದ್ದು ಮಣ್ಣು ಕೊಡವಿಕೊಳ್ಳುತ್ತದೆ. ನಲವತ್ತರ ಗೃಹಸ್ಥನಿಗೆ ಬೀಳುವ ಮೊದಲೇ ಆಸ್ಪತ್ರೆಯ ಖರ್ಚು, ಮನೆ ಸಾಲದ ಕಂತು ಕಣ್ಮುಂದೆ ಬರುತ್ತವೆ. ಭುಜ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ಕೈ ಅರಿವಿಲ್ಲದೆ ಲಗಾಮನ್ನು ಎಳೆಯುತ್ತದೆ. ಲಗಾಮಿನ ಇನ್ನೊಂದು ತುದಿಯಲ್ಲಿರುವುದು ಕುದುರೆಯ ಬಾಯೊಳಗಿನ ಕಡಿವಾಣ. ಕುಕ್ಕುಲೋಟದ ಲಯಕ್ಕೆ ಮೈ ಹೊಂದಿಸಲಾರದ ಹೊಸಬ ಪ್ರತಿ ಹೆಜ್ಜೆಗೂ ಕುದುರೆಯ ಬೆನ್ನಿನ ಮೇಲೆ ಕುಕ್ಕರಿಸುತ್ತಾನೆ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಒಂದೇ ಹಾದಿಯಲ್ಲಿ ಕುದುರೆಗಳನ್ನು ಹಲವು ಬಾರಿ ನಡೆಸಲಾಯಿತು. ಕೊನೆಯ ಸಲ, ‘ಈಗ ಪಕ್ಕದಲ್ಲಿ ಒಂದು ಛತ್ರಿ ತಟ್ಟನೆ ಬಿಚ್ಚಿಕೊಳ್ಳುತ್ತದೆ’ ಎಂದು ಮನುಷ್ಯರಿಗೆ ಮುನ್ಸೂಚನೆ ನೀಡಲಾಯಿತು. ಛತ್ರಿ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು. ಏನೂ ತಿಳಿಯದ ಕುದುರೆಗಳ ಎದೆಬಡಿತವೂ ಏರಿತು. ಸವಾರನ ಅಂಜಿಕೆ ಮಾತಿಲ್ಲದೆ ಕುದುರೆಗೆ ದಾಟುತ್ತದೆ. ದಿನಕ್ಕೆ ನಾಲ್ಕೈದು ಅಪರಿಚಿತರ ಅಂಜಿಕೆಯನ್ನು ಹೊರುವ ಪಾಠದ ಕುದುರೆಯ ಸ್ಥಿತಿಯನ್ನು ಇದರಿಂದ ಊಹಿಸಬಹುದು.

ಎರಡನೆಯದು ತೂಕ. ಜೀನೂ ಸೇರಿದಂತೆ ಒಟ್ಟು ಭಾರ ಕುದುರೆಯ ತೂಕದ ಶೇ 20ನ್ನು ಮೀರದಿರುವುದು ಲೇಸು ಎಂಬ ಸೂತ್ರ ಅಮೆರಿಕದ ಅಶ್ವದಳದ 1920ರ ಕೈಪಿಡಿಯ ಕಾಲದಿಂದಲೂ ಇದೆ. 2008ರಲ್ಲಿ ಒಹಾಯೊದಲ್ಲಿ ನಡೆದ ಪ್ರಯೋಗ ಇದನ್ನು ಬಹುಮಟ್ಟಿಗೆ ಸಮರ್ಥಿಸಿತು. ಶೇ 25 ಮತ್ತು 30ರಷ್ಟು ಭಾರ ಹೊತ್ತ ಕುದುರೆಗಳಲ್ಲಿ ಸ್ನಾಯುಗಳ ನೋವು, ಬಿಗಿತ ಎದ್ದು ಕಂಡವು. ಲೆಕ್ಕ ಕಠಿಣವೇನಲ್ಲ. 350 ಕಿಲೊ ತೂಗುವ ಸಣ್ಣ ಮೈಕಟ್ಟಿನ ಕುದುರೆಗೆ ಒಟ್ಟು ಮಿತಿ 70 ಕಿಲೊ. ಜೀನಿನ ತೂಕ ಏಳೆಂಟು ಕಿಲೊ ಕಳೆದರೆ ಸವಾರನಿಗೆ ಉಳಿಯುವುದು ಅರವತ್ತರ ಆಸುಪಾಸು. ಮಕ್ಕಳ ಪಾಠಕ್ಕೆ ಈ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ವಯಸ್ಕರು ಸಾಲುಗಟ್ಟಿ ಬಂದಾಗ ಪ್ರತಿದಿನ ಏಳುತ್ತದೆ. ಎಂಬತ್ತು ಕಿಲೊ ತೂಗುವ ಶುಲ್ಕದಾರನನ್ನು ‘ನಿಮಗೆ ತಕ್ಕ ಕುದುರೆ ನಮ್ಮಲ್ಲಿಲ್ಲ’ ಎಂದು ವಾಪಸು ಕಳುಹಿಸುವ ಧೈರ್ಯ ಎಷ್ಟು ಶಾಲೆಗಳಿಗಿದೆ?

ದೊಡ್ಡ ಮೈಕಟ್ಟಿನ ಕುದುರೆ ಬೇಕೆಂದಾಗ ಶಾಲೆಗಳ ಕಣ್ಣು ಹೋಗುವುದು ರೇಸ್‌ನಿಂದ ನಿವೃತ್ತವಾದ ಥರೋಬ್ರೆಡ್‌ಗಳತ್ತ. ಎರಡನೇ ವಯಸ್ಸಿಗೇ ಓಟಕ್ಕಿಳಿಯುವ ಈ ತಳಿಯ ಕುದುರೆಗಳಲ್ಲಿ ಬಹುತೇಕ ಎಂಟು ವರ್ಷ ತುಂಬುವ ಮುನ್ನವೇ ಟ್ರ್ಯಾಕ್ ಬಿಡುತ್ತವೆ. ಅವುಗಳ ಆಯುಷ್ಯ ಮಾತ್ರ ಇಪ್ಪತ್ತೈದು ವರ್ಷಗಳಷ್ಟಿದೆ. ಉಳಿದ ಬದುಕನ್ನು ಅವು ಎಲ್ಲಿ ಕಳೆಯಬೇಕು? ಪುಣ್ಯವಿದ್ದ ಕೆಲವು ಪೊಲೀಸ್ ಅಶ್ವದಳಗಳಿಗೋ ಒಳ್ಳೆಯ ಶಾಲೆಗಳಿಗೋ ಸೇರುತ್ತವೆ. ಓಡಲೆಂದೇ ಪಳಗಿಸಿದ ಪ್ರಾಣಿಯನ್ನು ನಿಧಾನಕ್ಕೆ ಪಳಗಿಸಲು ತಿಂಗಳುಗಟ್ಟಲೆ ತಾಳ್ಮೆ ಬೇಕು, ಖರ್ಚು ಬೇಕು. ಅದನ್ನು ಉಳಿಸಿಕೊಳ್ಳಲು ಹೊರಟಾಗ ಒಂದು ಕಡೆ ಬೆದರುವ ಕುದುರೆ, ಇನ್ನೊಂದು ಕಡೆ ಬೆದರುವ ಸವಾರ. ಅಪಘಾತಕ್ಕೆ ಇನ್ನೇನು ಬೇಕು?

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಮ್ಮ ಮುಖ್ಯ ಆಸರೆ. ಅದರ ಪ್ರಕಾರ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಅರ್ಧ ಗಂಟೆಯ ಪಾರ್ಕಿಂಗ್ ಶುಲ್ಕಕ್ಕೆ ಸಮವಾದ ಮೊತ್ತ! ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ರೂಪಿಸಿದ ನಿಯಮಗಳು ಇದಕ್ಕಿಂತ ವಿವರವಾಗಿವೆ. ಮಟ್ಟಕುದುರೆಯ ಮೇಲೆ 70 ಕಿಲೊಗಿಂತ ಹೆಚ್ಚು ಹೊರೆ ಹೇರುವಂತಿಲ್ಲ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಮೀರಿದ ಕಡೆ ನಡುಮಧ್ಯಾಹ್ನದ ದುಡಿಮೆ ನಿಷಿದ್ಧ. ಇಟ್ಟಿಗೆ, ಮೂಟೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಗಳಿವು. ಶುಲ್ಕ ತೆತ್ತು ಜೀನಿನ ಮೇಲೆ ಕುಳಿತ ವಿದ್ಯಾರ್ಥಿಯನ್ನು ಅವು ಕಲ್ಪಿಸಿಕೊಂಡಿರಲಿಲ್ಲ.

ಬ್ರಿಟನ್ ಈ ಪ್ರಶ್ನೆಯನ್ನು ಅರವತ್ತು ವರ್ಷಗಳ ಹಿಂದೆಯೇ ಎದುರಿಸಿತು. 1964ರಲ್ಲಿ ಸವಾರಿ ಶಾಲೆಗಳಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಶಾಲೆ ನಡೆಸಲು ಸ್ಥಳೀಯ ಆಡಳಿತದ ಪರವಾನಗಿ ಬೇಕು, ಪಶುವೈದ್ಯರ ತಪಾಸಣೆ ನಡೆಯಬೇಕು, ತೀರಾ ಎಳೆಯ ಕುದುರೆಗಳನ್ನು ಬಾಡಿಗೆ ಸವಾರಿಗೆ ಬಳಸಬಾರದು ಎಂಬ ಚೌಕಟ್ಟು ಅಲ್ಲಿ ರೂಪುಗೊಂಡಿತು. ಇಂಗ್ಲೆಂಡಿನಲ್ಲಿ 2018ರ ಹೊಸ ನಿಯಮಾವಳಿ ಆ ಚೌಕಟ್ಟನ್ನು ಮುಂದುವರಿಸಿದೆ. ಪರವಾನಗಿಯಿಂದ ಸವಾರಿ ಅಲ್ಲಿ ನಶಿಸಿಹೋಗಲಿಲ್ಲ.

ನಿಯಮ ಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ ಸಾಕ್ಷಿ. 2021ರ ಆಗಸ್ಟ್‌ನಲ್ಲಿ ನಡೆದ ಆಧುನಿಕ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ ಜರ್ಮನಿಯ ಆನಿಕಾ ಶ್ಲಾಯ್ ಮುಂಚೂಣಿಯಲ್ಲಿದ್ದರು. ಆ ಸ್ಪರ್ಧೆಯಲ್ಲಿ ಕುದುರೆಯನ್ನು ಚೀಟಿ ಎತ್ತಿ ಹಂಚಲಾಗುತ್ತದೆ. ಪರಿಚಯಕ್ಕೆ ಸಿಗುವುದು 20 ನಿಮಿಷ. ಅವರ ಪಾಲಿಗೆ ಬಂದ ಸೇಂಟ್ ಬಾಯ್ ಎಂಬ ಕುದುರೆ ಹೆಜ್ಜೆ ಇಡಲು ನಿರಾಕರಿಸಿತು. ಸವಾರಳು ಅತ್ತರು, ಚಾವಟಿ ಬೀಸಿದರು, ತರಬೇತುದಾರರು ಕುದುರೆಗೆ ಗುದ್ದಿದರು. ಜಗತ್ತು ಅದನ್ನು ನೋಡಿತು. 1912ರಿಂದ ಪೆಂಟಾಥ್ಲಾನ್‌ನ ಭಾಗವಾಗಿದ್ದ ಸವಾರಿಯನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ನಂತರ ಕೈಬಿಡಲು ಅಂತರರಾಷ್ಟ್ರೀಯ ಸಂಸ್ಥೆ ನಿರ್ಧರಿಸಿತು. ಅದೇ ಪ್ಯಾರಿಸ್ ಕೂಟದ ಹೊಸ್ತಿಲಲ್ಲಿ ಬ್ರಿಟನ್ನಿನ ಪ್ರಖ್ಯಾತ ಸವಾರಳು ಷಾರ್ಲಟ್ ದುಜಾರ್ಡಿನ್, ತರಬೇತಿಯ ವೇಳೆ ಕುದುರೆಯ ಕಾಲಿಗೆ ಪದೇ ಪದೇ ಚಾವಟಿ ಬೀಸಿದ ವಿಡಿಯೊ ಹೊರಬಂದು ಸ್ಪರ್ಧೆಯಿಂದ ಹಿಂದೆ ಸರಿದರು. ಬಳಿಕ ಒಂದು ವರ್ಷದ ನಿಷೇಧಕ್ಕೆ ಒಳಗಾದರು. ಕುದುರೆಯನ್ನು ನಡೆಸಿಕೊಳ್ಳುವ ಬಗೆಗೆ ಸಮಾಜದ ಸಮ್ಮತಿ ಇಲ್ಲದಿದ್ದರೆ ಸವಾರಿಗೇ ಭವಿಷ್ಯವಿಲ್ಲ ಎಂಬುದು ಈ ಎರಡು ಪ್ರಕರಣಗಳ ಪಾಠ.

ಅಪರಿಚಿತ ಸವಾರನೊಂದಿಗೆ 20 ನಿಮಿಷ ಎಂಬುದು ಒಲಿಂಪಿಕ್ಸ್‌ನಲ್ಲಿ ಹಗರಣವಾಯಿತು. ಸವಾರಿ ಶಾಲೆಯ ಕುದುರೆಗೆ ಅದು ನಿತ್ಯದ ಬದುಕು. ಆದ್ದರಿಂದ ನಿಯಮ ಬೇಕಿರುವುದು ಮೊದಲು ಶಾಲೆಗಳಿಗೆ. ಪ್ರಾಣಿ ಹಿಂಸೆ ತಡೆ ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರ ಕಾಯ್ದೆಯ ತಿದ್ದುಪಡಿಗಾಗಿ ರಾಜ್ಯ ಕಾಯುತ್ತ ಕೂರಬೇಕಿಲ್ಲ. ಶಾಲೆಗಳು ಪಶುಸಂಗೋಪನಾ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಪ್ರತಿ ಕುದುರೆಯ ವಯಸ್ಸು, ತೂಕ, ಹೊರಬಹುದಾದ ಭಾರ, ದಿನದ ಪಾಠಗಳ ಸಂಖ್ಯೆಯನ್ನು ದಾಖಲಿಸಿ ಕಾಣುವಂತೆ ತೂಗುಹಾಕಬೇಕು. ವರ್ಷಕ್ಕೊಮ್ಮೆಯಾದರೂ ಸ್ವತಂತ್ರ ಪಶುವೈದ್ಯರ ತಪಾಸಣೆ ನಡೆಯಬೇಕು. ಶಿಕ್ಷಕರ ಅರ್ಹತೆ, ವಿದ್ಯಾರ್ಥಿಗಳ ವಿಮೆ ಕಡ್ಡಾಯವಾಗಬೇಕು. ದುಡಿಮೆ ಮುಗಿದ ಕುದುರೆ ಎಲ್ಲಿಗೆ ಹೋಯಿತು ಎಂಬುದಕ್ಕೆ ಲೆಕ್ಕವಿರಬೇಕು.

ಇದರಿಂದ ಇನ್‌ಸ್ಪೆಕ್ಟರ್‌ಗಳ ಕಾಟ ಹೆಚ್ಚುತ್ತದೆ, ಸಣ್ಣ ಶಾಲೆಗಳು ಮುಚ್ಚುತ್ತವೆ, ಸವಾರಿ ಮತ್ತೆ ಸಿರಿವಂತರ ಪಾಲಾಗುತ್ತದೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಒಂದು ತೂಕದ ಯಂತ್ರಕ್ಕೂ ಒಂದು ದಾಖಲೆ ಪುಸ್ತಕಕ್ಕೂ ಭಾರಿ ಬಂಡವಾಳ ಬೇಕಿಲ್ಲ. ಪ್ರಾಮಾಣಿಕವಾಗಿ ನಡೆಯುವ ಸಣ್ಣ ಶಾಲೆಗೆ ಇಂದು ದೊಡ್ಡ ಸ್ಪರ್ಧಿ ಎಂದರೆ ಒಂದೇ ಕುದುರೆಯನ್ನು ದಿನವಿಡೀ ದುಡಿಸಿ ಶುಲ್ಕ ತಗ್ಗಿಸುವ ಶಾಲೆ. ನಿಯಮ ಮೊದಲು ಕಾಪಾಡುವುದು ಪ್ರಾಮಾಣಿಕನನ್ನೇ.

ಕಾನೂನು ಬರುವವರೆಗೆ ಹೊಣೆ ವಯಸ್ಕ ವಿದ್ಯಾರ್ಥಿಯದು. ಮಗು ಪ್ರಶ್ನಿಸಲಾರದು, ಕುದುರೆಗೆ ಮಾತಿಲ್ಲ, ಕೂಲಿಗೆ ದುಡಿಯುವ ಲಾಯದಾಳಿಗೆ ಬಾಯಿ ಬಿಡುವ ಸ್ವಾತಂತ್ರ್ಯವಿಲ್ಲ. ಶುಲ್ಕ ತೆರುವ ವಯಸ್ಕ ಮಾತ್ರ ಕೇಳಬಲ್ಲ. ಈ ಕುದುರೆಗೆ ಇಂದು ಇದು ಎಷ್ಟನೆಯ ಪಾಠ? ನನ್ನ ಭಾರವನ್ನು ಇದು ಹೊರಬಹುದೇ? ವಾರದಲ್ಲಿ ಇದಕ್ಕೆ ರಜೆ ಇದೆಯೇ? ಬೆನ್ನಿನ ಮೇಲೆ ಹುಣ್ಣಿದೆಯೇ ಎಂದು ಜೀನು ಬಿಗಿಯುವ ಮೊದಲು ತಾನೇ ಕೈಯಾಡಿಸಿ ನೋಡಬಲ್ಲ. ಮೊದಲ ಹತ್ತು ಪಾಠಗಳನ್ನು ಸವಾರಿಗಿಂತ ಹೆಚ್ಚಾಗಿ ಮೈ ಉಜ್ಜಲು, ಗೊರಸು ಶುಚಿಗೊಳಿಸಲು, ಜೊತೆ ನಡೆಯಲು ಮೀಸಲಿಡಿ ಎಂದು ಶಾಲೆಯನ್ನು ಒತ್ತಾಯಿಸಬಲ್ಲ. ಭಯ ಕರಗುವುದೂ ಅಲ್ಲಿಯೇ.

ಕುದುರೆ ಏರುವ ಆಸೆಗೆ ವಯಸ್ಸಿನ ಮಿತಿಯಿಲ್ಲ. ಹೊರುವ ಬೆನ್ನಿಗೆ ಮಾತ್ರ ಮಿತಿಯಿದೆ. ಆ ಮಿತಿಯನ್ನು ಕೇಳಿ ತಿಳಿಯುವುದೇ ಸವಾರಿಯ ಮೊದಲ ಪಾಠವಾಗಲಿ.