‘ಸುಸ್ತು ಕಣಕ್ಕ’ ಎಂದರೆ ಏನು?

ನುಗ್ಗೇಹಳ್ಳಿ ಸುತ್ತಿನ ಸಂಘದ ಸಭೆಗಳಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಮೇಲೆ ಮಾತು ಮೈನೋವಿಗೆ ತಿರುಗುತ್ತದೆ. ‘ಸುಸ್ತು ಕಣಕ್ಕ’, ‘ಸೊಂಟ ಹಿಡ್ಕಂಡೈತೆ’, ‘ರಾತ್ರಿ ನಿದ್ದೇನೇ ಹತ್ತಲ್ಲ’. ಆಸ್ಪತ್ರೆಯ ಚೀಟಿಯಲ್ಲಿ ಇದೆಲ್ಲ ‘ರಕ್ತಹೀನತೆ’ ಎಂಬ ಒಂದೇ ಪದವಾಗಿಬಿಡುತ್ತದೆ. ರಕ್ತಹೀನತೆ ಸುಳ್ಳಲ್ಲ, ಕಬ್ಬಿಣದ ಮಾತ್ರೆಯೂ ಬೇಕು. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದಷ್ಟನ್ನು ಉಣ್ಣುವವರು ಯಾರು, ಯಾರ ಹೆಜ್ಜೆ ಸದ್ದಿಗೆ ಹೆದರಿ ನಿದ್ದೆ ಹಾರಿಹೋಗುತ್ತದೆ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ.

ನಮ್ಮ ಆರೋಗ್ಯದ ಬಗ್ಗೆ ಅಧ್ಯಯನ ಮಾಡುವವರೂ ಬಹಳ ಸಲ ಹೀಗೆಯೇ ಬರೆದುಕೊಂಡು ಹೋಗುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರು 2015–16ರಲ್ಲಿ ಶೇ. 20.6, 2019–20ರಲ್ಲಿ ಶೇ. 44.4. ನಾಲ್ಕೇ ವರ್ಷದಲ್ಲಿ ಹಿಂಸೆ ಇಮ್ಮಡಿಯಾಯಿತೇ? ಇಲ್ಲವೇ ಮುಚ್ಚಿಟ್ಟ ಮಾತನ್ನು ಆಡುವ ಧೈರ್ಯ ಬಂತೇ? ಅಂಕಿ ತಾನಾಗಿ ಉತ್ತರ ಹೇಳದು. ಹೋರಾಟಕ್ಕೆ ಅಂಕಿ ಬೇಕು, ಅದರ ಜೊತೆಗೆ ಅರ್ಥವೂ ಬೇಕು.

ಅನುಭವದ ಅರ್ಥ ಹುಡುಕುವುದಕ್ಕೆಂದೇ ಒಂದು ಅಧ್ಯಯನ ಕ್ರಮವಿದೆ. ಹುಸರ್ಲ್, ಹೈಡೆಗರ್ ಎಂಬ ಜರ್ಮನ್ ಚಿಂತಕರ ವಿಚಾರಗಳಿಂದ ಇದು ಬೆಳೆಯಿತು. ಆರೋಗ್ಯದ ಪ್ರಶ್ನೆಗಳಿಗೆ ಇದನ್ನು ಬಳಸುವ ಒಂದು ವಿಧಾನವನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೊನಾಥನ್ ಸ್ಮಿತ್ 1996ರಲ್ಲಿ ಮುಂದಿಟ್ಟರು. ಇದರಲ್ಲಿ ಸಾವಿರಾರು ಜನರನ್ನು ಕೇಳುವುದಿಲ್ಲ. ಕೆಲವರ ಜೊತೆ ಬಿಡುವಾಗಿ ಮಾತಾಡಿ, ಆಡಿದ್ದನ್ನು ಆಡಿದ ಹಾಗೆಯೇ ಬರೆದು, ಮತ್ತೆ ಮತ್ತೆ ಓದುತ್ತಾರೆ. ಒಬ್ಬಳ ಮಾತನ್ನು ಪೂರ್ತಿ ನೋಡಿದ ಮೇಲೆಯೇ ಇನ್ನೊಬ್ಬಳ ಮಾತಿಗೆ ಹೋಗುತ್ತಾರೆ.

ನಾವೆಲ್ಲ ಕೇಳಿರುವ ಮಾತನ್ನೇ ತೆಗೆದುಕೊಳ್ಳೋಣ: ‘ನಮ್ಮನೆಯೋರು ಒಳ್ಳೇರೇ, ಕುಡ್ದಾಗ ಮಾತ್ರ ಕೈ ಮಾಡ್ತಾರೆ.’ ಅವಸರದವರು ‘ಕಾರಣ: ಕುಡಿತ’ ಎಂದು ಬರೆದು ಮುಗಿಸುತ್ತಾರೆ. ನಿಧಾನವಾಗಿ ಓದಿದರೆ ಪ್ರಶ್ನೆಗಳು ಏಳುತ್ತವೆ. ‘ಒಳ್ಳೇರು’ ಎಂಬುದು ಮೊದಲು ಬಂದದ್ದೇಕೆ? ‘ಹೊಡೀತಾರೆ’ ಎನ್ನದೆ ‘ಕೈ ಮಾಡ್ತಾರೆ’ ಎಂದದ್ದೇಕೆ? ‘ಮಾತ್ರ’ ಎಂಬ ಪದ ಯಾರನ್ನು ಕಾಪಾಡುತ್ತಿದೆ? ಇದೇ ಹೆಂಗಸು ಸ್ವಲ್ಪ ಹೊತ್ತಿನ ಮುಂಚೆ, ತವರಿನವರು ಕೊಡಬೇಕಾಗಿದ್ದ ಬೈಕಿನ ಮಾತೆತ್ತಿ ಅರ್ಧಕ್ಕೇ ನಿಲ್ಲಿಸಿದ್ದರೆ ಅದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಕುಡಿತದ ಹಿಂದೆ ವರದಕ್ಷಿಣೆ ಕಾಣಿಸಬಹುದು.

ಕಾಣಿಸಬಹುದು ಎಂದೆ, ಕಂಡೇ ಕಾಣುತ್ತದೆ ಎನ್ನಲಿಲ್ಲ. ಚಳವಳಿಯ ನಾವೂ ನಮಗೆ ಬೇಕಾದ ಅರ್ಥವನ್ನೇ ಅವಳ ಬಾಯಿಗೆ ತುರುಕುವ ಅಪಾಯವಿದೆ. ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ ಕಟ್ಟಿದ್ದು 1246ರಲ್ಲಿ. ಅದರ ಗೋಡೆಯ ಒಂದು ಬದಿಯಲ್ಲಿ ಶಿಲ್ಪಿ ಬೈಚೋಜನ ಕೈ, ಇನ್ನೊಂದು ಬದಿಯಲ್ಲಿ ಮಲ್ಲಿತಮ್ಮನ ಕೈ. ಒಂದೇ ಗುಡಿಯಾದರೂ ಇಬ್ಬರ ಕೆತ್ತನೆ ಬೇರೆ ಬೇರೆ, ಇಬ್ಬರೂ ತಮ್ಮ ಹೆಸರು ಕೆತ್ತಿದ್ದಾರೆ. ಅರ್ಥ ಹೇಳುವವರೂ ಹಾಗೆಯೇ ಇದು ನಮ್ಮ ಕೈಯ ಕೆಲಸ ಎಂದು ಒಪ್ಪಿಕೊಳ್ಳಬೇಕು. ತಾವು ಯಾರು, ಯಾವ ನಂಬಿಕೆ ಹೊತ್ತು ಬಂದವರು ಎಂದು ಹೇಳಿ, ಬರೆದದ್ದನ್ನು ಅವಳಿಗೇ ಓದಿ ಹೇಳಬೇಕು. ‘ನಾನಂದದ್ದು ಹಂಗಲ್ಲ’ ಎನ್ನುವ ಹಕ್ಕು ಅವಳದು.

ಆ ಹಕ್ಕನ್ನು ಚಲಾಯಿಸಲು ಅವಳೇ ಉಳಿಯದಿದ್ದರೆ ಏನಾಗುತ್ತದೆ? 1997ರಲ್ಲಿ ಬೆಂಗಳೂರಿನಲ್ಲಿ ನಡೆದ ಹೆಂಗಸರ ಅಸಹಜ ಸಾವುಗಳ ದಾಖಲೆಗಳನ್ನು ‘ವಿಮೋಚನಾ’ ಸಂಘಟನೆ ಕೆದಕಿ ನೋಡಿತು. ಒಟ್ಟು 1,133 ಸಾವು. ಅದರಲ್ಲಿ ಕೊಲೆ ಎಂದು ಪರಿಗಣಿಸಿದ್ದು 157. ಆತ್ಮಹತ್ಯೆ 546, ಅಪಘಾತ 430. ‘ಸ್ಟೌ ಸಿಡಿಯಿತು’ ಎಂಬ ಎರಡು ಪದದಲ್ಲಿ ಎಷ್ಟೋ ಬದುಕಿನ ಕತೆ ಮುಚ್ಚಿಹೋಗಿತ್ತು. ಹಾಸಿಗೆಯ ಪಕ್ಕ ಗಂಡನ ಮನೆಯವರು ನಿಂತಿರುವಾಗ, ಊರಲ್ಲಿ ಮಕ್ಕಳು ಅವರ ಕೈಯಲ್ಲೇ ಇರುವಾಗ, ಸುಟ್ಟ ಹೆಣ್ಣು ಇನ್ನೇನು ಹೇಳಿಯಾಳು? ಯಾರ ಎದುರು ಆಡಿದ ಮಾತು ಎಂದು ಕೇಳದೆ ಅರ್ಥ ಹೇಳುವುದು ಅನ್ಯಾಯ.

ಆದ್ದರಿಂದ ಅಕ್ಕತಂಗಿಯರೇ, ನಾಳೆ ಯಾರಾದರೂ ಪುಸ್ತಕ, ಪೆನ್ನು ಹಿಡಿದು ಸಂಘಕ್ಕೆ ಬಂದರೆ ಹೆದರಬೇಡಿ, ಆದರೆ ಪ್ರಶ್ನೆ ಕೇಳಿ. ಒಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತೀರಾ? ಅತ್ತೆಯೋ ಗಂಡನೋ ಬಂದರೆ ಮಾತು ಬದಲಿಸುತ್ತೀರಾ? ಹೆಸರು ಗುಟ್ಟಾಗಿಡುತ್ತೀರಾ? ಇವು ನಮ್ಮ ತಗಾದೆಗಳಲ್ಲ. ಹಿಂಸೆಯ ಅಧ್ಯಯನದಲ್ಲಿ ಹೆಣ್ಣಿನ ಸುರಕ್ಷತೆಯೇ ಮೊದಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೇಳಿದೆ. ಕೊನೆಯದಾಗಿ ಕೇಳಿ: ಬರೆದದ್ದನ್ನು ನಮಗೆ ತಂದು ಓದುತ್ತೀರಾ?

ಅವರು ಬರುವ ತನಕ ನಾವು ಕಾಯಬೇಕಾಗಿಲ್ಲ. ಪಕ್ಕದಲ್ಲಿ ಕೂತವಳು ‘ಸುಸ್ತು ಕಣಕ್ಕ’ ಎಂದಾಗ ‘ಮಾತ್ರೆ ತಗೋ’ ಎಂದು ಮುಗಿಸದೆ, ಸಭೆ ಚದುರಿದ ಮೇಲೆ ಒಬ್ಬಳೇ ಸಿಕ್ಕಾಗ ‘ಯಾವಾಗಿಂದ? ಏನಾಯ್ತು?’ ಎಂದು ಕೇಳೋಣ. ಹೇಳಿದರೆ ಅವಸರ ಮಾಡದೆ ಕೇಳಿಸಿಕೊಳ್ಳೋಣ, ಅವಳ ಗುಟ್ಟನ್ನು ಊರಿಗೆ ಹಂಚದಿರೋಣ. ಹೊಡೆತವಷ್ಟೇ ಅಲ್ಲ, ಹೀಯಾಳಿಕೆ, ಖರ್ಚಿಗೆ ಕೊಡದಿರುವುದು, ವರದಕ್ಷಿಣೆಯ ಕಾಟ ಎಲ್ಲವೂ ಹಿಂಸೆಯೇ ಎನ್ನುತ್ತದೆ 2005ರ ಕಾಯಿದೆ. ನೆರವು ಬೇಕೆಂದರೆ 181ಕ್ಕೆ ಫೋನ್ ಮಾಡಲು ಜೊತೆಗಿರೋಣ. ಮುಂದಿನ ಹೆಜ್ಜೆ ಯಾವುದೆಂದು ಅವಳೇ ತೀರ್ಮಾನಿಸಲಿ.