ನುವಾರ್‌ನ ಫ್ರೆಂಚ್ ಸಾಲ

ಫಿಲ್ಮ್ ನುವಾರ್ ಅಂದ್ರೆ ನಮಗೆಲ್ಲ ತಕ್ಷಣ ನೆನಪಾಗೋದು ಹಾಲಿವುಡ್: ಮಳೆಯಲ್ಲಿ ನೆಂದ ರಸ್ತೆ, ಸಿಗರೇಟಿನ ಹೊಗೆ, ಟೋಪಿ ಹಾಕಿದ ಪತ್ತೇದಾರ. ಆದರೆ ಆ ಹೆಸರೇ ಫ್ರೆಂಚ್. 1946ರಲ್ಲಿ ನಿನೋ ಫ್ರಾಂಕ್ ಎಂಬ ವಿಮರ್ಶಕ ಫ್ರಾನ್ಸಿನಲ್ಲಿ ಕೂತು ಅಮೆರಿಕದ ಚಿತ್ರಗಳಿಗೆ ಇಟ್ಟದ್ದು. ಹೆಸರಿನ ಜೊತೆ ಸರಕೂ ಅಲ್ಲಿಂದಲೇ ಹೋಗಿತ್ತು ಅನ್ನೋದು ನಮ್ಮ ವಾದ.

ಲೆಕ್ಕ ನೋಡಿ. ಜಾನ್ ರೆನ್ವಾರ್ 1931ರಲ್ಲಿ ಮಾಡಿದ ‘ಲಾ ಶಿಯೆನ್’, 1945ರಲ್ಲಿ ಫ್ರಿಟ್ಜ್ ಲ್ಯಾಂಗ್ ಕೈಯಲ್ಲಿ ‘ಸ್ಕಾರ್ಲೆಟ್ ಸ್ಟ್ರೀಟ್’ ಆಯ್ತು. ಮಾರ್ಸೆಲ್ ಕಾರ್ನೆಯ ‘ಲೆ ಜೂರ್ ಸ ಲೆವ್’ (1939), ‘ದಿ ಲಾಂಗ್ ನೈಟ್’ (1947) ಆಯ್ತು. ಕೊಲೆ ಮಾಡಿದ ಕಾರ್ಮಿಕನೊಬ್ಬ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ, ಹೊರಗೆ ಪೊಲೀಸರು. ಯಾಕೆ ಹೀಗಾಯ್ತು ಅನ್ನೋದೆಲ್ಲ ಫ್ಲ್ಯಾಶ್‌ಬ್ಯಾಕ್‌ನಲ್ಲಿ. ಮೂಲದಲ್ಲಿ ಬೆಳಗಾಗುವ ಹೊತ್ತಿಗೆ ಜಾನ್ ಗಾಬಾನ್ ಗುಂಡು ಹಾರಿಸಿಕೊಂಡು ಸಾಯ್ತಾನೆ. ಹಾಲಿವುಡ್ ನಾಯಕನನ್ನ ಬದುಕಿಸಿಬಿಟ್ಟಿತು.

ರೀಮೇಕ್ ಮಾಡಿದ್ದು ತಪ್ಪಲ್ಲ. ಆದರೆ ಆರ್‌ಕೆಓ ಸ್ಟುಡಿಯೋ ಮೂಲ ಚಿತ್ರದ ಪ್ರತಿಗಳನ್ನೇ ಕೊಂಡು ನಾಶ ಮಾಡೋಕೆ ಹೊರಟಿತ್ತು! ಬೇರೆಯವರ ಕೋಡ್ ಫೋರ್ಕ್ ಮಾಡಿ, ಆಮೇಲೆ ಅವರ ರೆಪೊಸಿಟರಿನೇ ಡಿಲೀಟ್ ಮಾಡಿದ ಹಾಗೆ. ಪುಣ್ಯಕ್ಕೆ ಕೆಲವು ಪ್ರತಿಗಳು ಉಳಿದವು.

ನುವಾರ್‌ನ ನೆರಳು ಬೆಳಕು ಜರ್ಮನಿಯಿಂದ ಬಂತು ಅಂತ ಎಲ್ಲರೂ ಹೇಳ್ತಾರೆ, ಒಪ್ಪೋಣ. ಆದರೆ ಎಷ್ಟು ಒದ್ದಾಡಿದರೂ ವಿಧಿಯಿಂದ ತಪ್ಪಿಸಿಕೊಳ್ಳಲಾಗದ ಆ ಸೋತ ಮನುಷ್ಯನನ್ನು ಫ್ರೆಂಚರು ಮೊದಲೇ ತೆರೆಗೆ ತಂದಿದ್ದರು. ಆ ಸಾಲಕ್ಕೂ ಲೆಕ್ಕ ಇಡಬೇಕು. ಮುಂದಿನ ಸಲ ಹಾಸ್ಟೆಲ್‌ನಲ್ಲಿ ನುವಾರ್ ಹಾಕೋದಾದ್ರೆ ಮೊದಲು ಗಾಬಾನ್ ಚಿತ್ರ ನೋಡೋಣ, ಆಮೇಲೆ ರೀಮೇಕ್. ಯಾವ ಕೊನೆ ಮನಸ್ಸಲ್ಲಿ ಉಳಿಯುತ್ತೆ ಅಂತ ಅಲ್ಲೇ ಜಗಳ ಆಡೋಣ.