ಅವರು ‘ಹಾಯ್’ ಅಂದರೆ ಒಪ್ಪಿದರು ಅಂತಲ್ಲ

“ಅವರು ಒಂದು ನಿಮಿಷ ಮಾತಾಡಿದರು, ನೀವು ಒಂದೇ ವಾಕ್ಯ ಹೇಳಿದಿರಲ್ಲ?” ಹೆಬ್ಬಾಳದ ಕಚೇರಿಯಿರಲಿ, ತುಮಕೂರಿನ ವಸಂತನರಸಾಪುರದ ಕಾರ್ಖಾನೆಯಿರಲಿ, ಜಪಾನಿ ದುಭಾಷಿಗಳು ಈ ಮಾತು ಕೇಳುತ್ತಲೇ ಇರುತ್ತಾರೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಬಿಡದಿಗೆ ಬಂದಾಗಿನಿಂದ ಬೆಂಗಳೂರಿನ ಸುತ್ತ ಈ ಕೆಲಸ ಬೆಳೆದಿದೆ. ಅದರ ಕಷ್ಟ ಮಾತ್ರ ಹೊರಗಿನವರಿಗೆ ಕಾಣುವುದಿಲ್ಲ.

ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ‘ಈ ಬೆಲೆಗೆ ನಾವು ಒಪ್ಪು’ ಎನ್ನುವವರೆಗೆ ‘ತ್ತೇವೆ’ಯೋ ‘ವುದಿಲ್ಲ’ವೋ ತಿಳಿಯದು. ಕನ್ನಡಕ್ಕೆ ಹೇಳುವುದಾದರೆ ಆ ಜಾಡಿನಲ್ಲೇ ಸಾಗಬಹುದು. ಆದರೆ ಸಭೆ ನಡೆಯುವುದು ಇಂಗ್ಲಿಷಿನಲ್ಲಿ. ಅಲ್ಲಿ ಕ್ರಿಯಾಪದ ಮೊದಲೇ ಬೇಕು. ಆದ್ದರಿಂದ ದುಭಾಷಿ ಕಾಯಲೇಬೇಕು.

ಲೆಕ್ಕದ ತೊಡಕು ಇನ್ನೂ ದೊಡ್ಡದು. ಜಪಾನಿನವರು ದೊಡ್ಡ ಮೊತ್ತವನ್ನು ಹತ್ತು ಸಾವಿರದ ಗಂಟುಗಳಲ್ಲಿ ಎಣಿಸುತ್ತಾರೆ. ಒಂದು ಗಂಟಿಗೆ ‘ಮಾನ್’ ಎಂದು ಹೆಸರು. ನಮ್ಮ ಲಕ್ಷ ಅವರಿಗೆ 10 ಮಾನ್, ಕೋಟಿ 1,000 ಮಾನ್. ಪರದೆಯ ಮೇಲಿನ ಅಂಕಿ ಮಿಲಿಯನ್‌ನಲ್ಲಿರುತ್ತದೆ. 3,500 ಮಾನ್ ಯೆನ್ ಎಂದರೆ 35 ಮಿಲಿಯನ್, ಅಂದರೆ ಮೂರೂವರೆ ಕೋಟಿ. ಯಲಹಂಕದ ನನ್ನ ಪರಿಚಯದ ದುಭಾಷಿಯೊಬ್ಬರು ಈ ಕೋಷ್ಟಕವನ್ನು ನೋಟ್‌ಬುಕ್ಕಿನ ಹಿಂಬದಿ ರಟ್ಟಿನ ಮೇಲೆ ಬರೆದುಕೊಂಡಿದ್ದಾರೆ. ಎಷ್ಟು ವರ್ಷದ ಅನುಭವವಿದ್ದರೂ ಒಂದು ಸೊನ್ನೆ ಜಾರೀತೆಂಬ ಭಯ ಹೋಗಿಲ್ಲ ಎನ್ನುತ್ತಾರೆ.

ಇನ್ನು ಹೇಳದೆ ಬಿಟ್ಟ ಮಾತು. ‘ಹಾಯ್’ ಎಂಬುದಕ್ಕೆ ನಿಘಂಟಿನ ಅರ್ಥ ‘ಹೌದು’. ಎಷ್ಟೋ ಸಲ ಅದು ಕಥೆ ಕೇಳುವಾಗ ನಾವು ಹೂಂಗುಟ್ಟುವಂತೆ ಅಷ್ಟೇ, ಒಪ್ಪಿಗೆಯಲ್ಲ. ‘ಕೆಂತೋ ಶಿಮಾಸು’ ಎಂದರೆ ‘ಪರಿಶೀಲಿಸುತ್ತೇವೆ’. ಸಾಲ ಕೇಳಿದವರಿಗೆ ನಾವು ‘ನೋಡೋಣ’ ಅನ್ನುತ್ತೇವಲ್ಲ, ಹಲವು ಸಲ ಅದೇ ಧ್ವನಿ. ಇದ್ದದ್ದನ್ನು ಇದ್ದಂತೆ ಹೇಳಿದರೆ ಮುಂದಿನ ತಿಂಗಳು ‘ಆಗಲೇ ತಿಳಿಸಬಾರದಿತ್ತೆ?’ ಎಂಬ ಬೈಗುಳ. ‘ಬಹುಶಃ ಆಗದು’ ಎಂದರೆ ಅಧಿಕಪ್ರಸಂಗದ ಆರೋಪ.

ಕೆಲಸಕ್ಕೆ ತೆಗೆದುಕೊಳ್ಳುವಾಗ ಎಲ್ಲರೂ ಕೇಳುವ, ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಐದು ಹಂತಗಳಲ್ಲಿ ಮೇಲಿನದು ಎನ್-1. ಅದರಲ್ಲೂ ಮಾತಾಡುವ ಪರೀಕ್ಷೆ ಇಲ್ಲ. ಓದಿ, ಕೇಳಿ ಗ್ರಹಿಸಿದರೆ ಸಾಕು. ಮಾತು ದಾಟಿಸುವ ಕಸುಬನ್ನು ಕೆಲಸದಲ್ಲೇ ಕಲಿಯಬೇಕು, ತಪ್ಪುಗಳ ನಡುವೆ, ಎಲ್ಲರೆದುರು.

ಕಂಪನಿಗಳು ಮಾಡಬಹುದಾದದ್ದು ದೊಡ್ಡದೇನಲ್ಲ. ಸಭೆಯ ಕಾಗದಪತ್ರಗಳನ್ನು ಹಿಂದಿನ ದಿನವೇ ಕೊಡಿ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಅತಿಥಿಗಳ ಜೊತೆ ಊಟಕ್ಕೆ ಕೂರಿಸಿದ ದಿನ, ದುಭಾಷಿಯ ತಟ್ಟೆ ಆರುವ ಮುನ್ನ ಹತ್ತು ನಿಮಿಷ ಮಾತು ನಿಲ್ಲಿಸಿ, ಅವರೂ ಉಣ್ಣಲಿ.